ಡೊಂಬಿವಲಿಯ ಕುರ್ಚಿ ಲೋಕಲ್

ಚಿಕ್ಕ ಮಕ್ಕಳನ್ನು ಅವರಿಷ್ಟಕ್ಕೆ ಬಿಟ್ಟರೆ ಅವರೇನೂ ಕೆಡುವುದಿಲ್ಲ, ನಗೆಪಾಟಲಾಗುವುದು ಯಾವಾಗಲೂ ದೊಡ್ಡವರೇ. ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ಕೆಳಮಹಡಿಯಲ್ಲಿರುವ ನಮ್ಮ ಶಿಶುವಿಹಾರದಲ್ಲಿ ಇದು ನಡೆಯುತ್ತಲೇ ಇರುತ್ತದೆ. ನಾನು ಅಲ್ಲಿ ಟೀಚರ್.

"ಇನ್ನು ಮೇಲೆ ಏನು ಆಡಬೇಕು, ಏನು ಮಾಡಬೇಕು ಅಂತ ಮಕ್ಕಳೇ ಹೇಳಲಿ, ನಾವು ಅವರ ಹಿಂದೆ ಹೋಗೋಣ" ಎಂದು ಹೆಡ್ ಮೇಡಂ ಈ ವರ್ಷ ತೀರ್ಮಾನಿಸಿದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಹಗಲುಗನಸು ನನಗೆ ಹುಟ್ಟುಗುಣ. ಈಗ ಅದಕ್ಕೇ ಸಂಬಳ ಬಂದಂತಾಯಿತು.

ಆದರೆ ಒಬ್ಬ ಪುಟ್ಟ ಹುಡುಗಿಯ ಅಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. ಉಡುಪಿ ಕಡೆಯವರು, ಆಫೀಸು ಮುಂಬಯಿಯಲ್ಲಿ. ಶನಿವಾರ ರಜೆಯಾದ್ದರಿಂದ ಮಗಳನ್ನು ಕರೆದೊಯ್ಯಲು ಅವರೇ ಬರುತ್ತಿದ್ದರು.

"ಎದುರು ಮನೆಯ ಮಗು ಎಬಿಸಿಡಿ ಬರೀತದೆ ಟೀಚರ್. ನಮ್ಮದಕ್ಕೆ ಪೆನ್ಸಿಲ್ ಹಿಡೀಲಿಕ್ಕೂ ಬರುದಿಲ್ಲ. ದೀಪಾವಳಿ ಒಳಗೆ ಏನಾದ್ರೂ ಕಲೀದಿದ್ರೆ ಬೇರೆ ಶಾಲೆಗೆ ಹಾಕ್ತೇನೆ" ಎಂದರು.

ಅವರು ಹೊರಟರೆ ಅವರ ಬಿಲ್ಡಿಂಗಿನವರೆಲ್ಲ ಹೊರಡುತ್ತಾರೆ, ಆಮೇಲೆ ಮತ್ತೆ ಸ್ಲೇಟು ಬಳಪವೇ ಗತಿ ಎಂದು ಮೇಡಂ ನನ್ನನ್ನು ಎಚ್ಚರಿಸಿದರು.

ಬಪ್ಪಾ ಎಲ್ಲಿ?

ಗಣೇಶನ ಹಬ್ಬ ಆಗಷ್ಟೇ ಮುಗಿದಿತ್ತು. ಮಕ್ಕಳು ಜೇಡಿಮಣ್ಣು ಕೇಳಿದರು, ಕೊಟ್ಟೆ. ಬೆಳಗ್ಗೆಯಿಂದ ಕೂತು ಗಣಪತಿ ಮಾಡಿದರು. ಒಂದಕ್ಕೆ ಸೊಂಡಿಲೇ ಇಡೀ ಮೈ. ಇನ್ನೊಂದು ಕಾಲು ಚಾಚಿ ಮಲಗಿತ್ತು, ಗಣಪತಿ ಬಪ್ಪನಿಗೆ ಸುಸ್ತಾಗಿದೆಯಂತೆ. ಆ ಉಡುಪಿಯವರ ಮಗಳು, ನಮ್ಮ ಪುಟ್ಟಿ, ಮಾಡಿದ ಗಣಪತಿಯ ಕಿವಿಗಳಂತೂ ಎಷ್ಟು ಚೆಂದ ಇದ್ದವೆಂದರೆ, ಅಪ್ಪನಿಗೆ ಇದನ್ನು ತೋರಿಸಿದರೆ ಗೆದ್ದೆ ಎಂದುಕೊಂಡೆ. ಆ ಸಂತೋಷದಲ್ಲಿ ಕಿಟಕಿಯ ಬಿಸಿಲು ನೋಡುತ್ತ ಮೈಮರೆತವಳಿಗೆ, ಮಕ್ಕಳು ಆರತಿ ಮುಗಿಸಿ ವಿಸರ್ಜನೆಗೆ ಹೊರಟದ್ದೇ ಗೊತ್ತಾಗಲಿಲ್ಲ.

ಅಪ್ಪ ಬಂದಾಗ ಉಳಿದದ್ದು ಒಂದು ಬಕೆಟ್ ಕೆಸರುನೀರು.

"ಬೆಳಗ್ಗಿಂದ ಮಾಡಿದ್ದು ಇದಾ?"

"ಗಣಪತಿ ಮಾಡಿದ್ದರು" ಎಂದೆ ಮೆಲ್ಲಗೆ.

"ಎಲ್ಲುಂಟು?"

ಪುಟ್ಟಿ ಬಕೆಟಿನ ಕಡೆ ಕೈ ತೋರಿಸಿ ಮರಾಠಿಯಲ್ಲಿ, "ಗಾವೀ ಗೇಲೇ" ಎಂದಳು. ಊರಿಗೆ ಹೋದರು ಅಂತ. ಅಪ್ಪನ ಮುಖ ಸಪ್ಪಗಾದದ್ದು ನೋಡಿ, ಮುಂದಿನ ವರ್ಷ ಬರುತ್ತಾರೆ ಎಂದು ಸಮಾಧಾನವನ್ನೂ ಹೇಳಿದಳು.

ಹಸಿರು ದುಪಟ್ಟಾ

ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಕೆಲಸ ಮಾಡುವ ಕಲಬುರಗಿಯ ಗೌಂಡಿಯ ಮಗಳೂ ನಮ್ಮಲ್ಲಿಗೆ ಬರುತ್ತಾಳೆ. ಇನ್ನೊಂದು ಶನಿವಾರ, ಮರದ ತುಂಡುಗಳಿಂದ ಬಿಲ್ಡಿಂಗ್ ಕಟ್ಟುವುದೆಂದು ಅವಳು ತೀರ್ಮಾನಿಸಿದಳು. ಪುಟ್ಟಿ ಅವಳ ಕೈಕೆಳಗೆ. ಮೊದಲು ನನ್ನ ಹಸಿರು ದುಪಟ್ಟಾ ಇಸಿದುಕೊಂಡು ಕುರ್ಚಿಗಳ ಸುತ್ತ ಕಟ್ಟಿದರು. ಇಲ್ಲಿ ಏಳುವ ಕಟ್ಟಡಕ್ಕೆಲ್ಲ ಹಸಿರು ಬಲೆ ಹೊದಿಸಿರುತ್ತಾರಲ್ಲ, ಹಾಗೆ. ಹತ್ತಿರ ಹೋದ ಹೆಡ್ ಮೇಡಂಗೆ "ಕೆಲ್ಸ ನಡದೈತಿ, ಆ ಕಡಿಂದ ಹೋಗ್ರಿ" ಎಂದು ಆಜ್ಞೆಯಾಯಿತು. ಮೇಡಂ ಸುತ್ತು ಹಾಕಿಕೊಂಡೇ ಹೋದರು.

ಫ್ಯಾನಿನ ಗಾಳಿಗೆ ದುಪಟ್ಟಾ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಒಳಗೆ ಎಂಥ ಅರಮನೆ ಏಳುತ್ತಿದೆಯೋ ಎಂದು ನಾನು ಹೊರಗೆ ಕೂತು ಕನಸು ಕಟ್ಟಿದೆ.

ಅಪ್ಪ ಬಂದವರೇ ದುಪಟ್ಟಾ ಎತ್ತಿ ನೋಡಿದರು. ಖಾಲಿ ನೆಲ. ಮರದ ತುಂಡುಗಳೆಲ್ಲ ಪೆಟ್ಟಿಗೆಯಲ್ಲೇ ಇದ್ದವು.

"ಬಿಲ್ಡಿಂಗ್ ಎಲ್ಲುಂಟು?"

"ಇನ್ನಾ ಪರ್ಮಿಷನ್ ಬಂದಿಲ್ರಿ" ಎಂದಳು ಗೌಂಡಿಯ ಮಗಳು.

ನಾನೂ ಮೇಡಂ ಕೂಡ ಹೊಟ್ಟೆ ಹಿಡಿದು ನಕ್ಕೆವು. ಅಪ್ಪ ನಗಲಿಲ್ಲ. ಕಲ್ಯಾಣದ ಆಚೆ ಅವರೂ ಒಂದು ಫ್ಲ್ಯಾಟು ಬುಕ್ ಮಾಡಿ ಕೂತಿದ್ದರಂತೆ.

ಗಾಡಿ ಹೊರಟಿತು

ದೀಪಾವಳಿ ಹತ್ತಿರ ಬಂತು. ಪಾಲಕರು ಮಕ್ಕಳ ಜೊತೆ ಕೂತು ನೋಡುವ ಶನಿವಾರವೂ ಬಂತು. ರಜೆಯಾದರೂ ಅಪ್ಪನ ಹೆಗಲಲ್ಲಿ ಆಫೀಸಿನ ಬ್ಯಾಗು. "ಇವತ್ತು ನೋಡ್ತೇನೆ ಟೀಚರ್. ಸರಿ ಕಾಣದಿದ್ರೆ ಸೋಮವಾರದಿಂದ ಕಳಿಸುದಿಲ್ಲ" ಎಂದರು.

ಆ ದಿನ ಮಕ್ಕಳು ಕುರ್ಚಿಗಳನ್ನು ಸಾಲಾಗಿಟ್ಟು ಲೋಕಲ್ ಟ್ರೇನು ಮಾಡಿದ್ದರು. ಪುಟ್ಟಿ ಅಪ್ಪನನ್ನು ಎಳೆದುಕೊಂಡು ಹೋಗಿ ಕಿಟಕಿ ಪಕ್ಕದ ಗೇಣೆತ್ತರದ ಕುರ್ಚಿಯಲ್ಲಿ ಕೂರಿಸಿ, ತಾನು ಮುಂದೆ ನಿಂತು ಸ್ಟೇಷನ್ನುಗಳನ್ನು ಹೇಳತೊಡಗಿದಳು. ಠಾಣೆ, ಕಳವಾ, ಮುಂಬ್ರಾ, ದಿವಾ, ಹೀಗೆ. ಒಂದನ್ನೂ ಬಿಡದೆ, ಮರಾಠಿ, ಹಿಂದಿ, ಇಂಗ್ಲಿಷು ಮೂರರಲ್ಲೂ, ಲೋಕಲಿನಲ್ಲಿ ಕೇಳುವ ಅದೇ ಹೆಂಗಸಿನ ದನಿಯಲ್ಲಿ. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಮಕ್ಕಳು ಕೂತಲ್ಲೇ ಓಲಾಡುತ್ತಿದ್ದರು. ನನಗೂ ಮುಂಬ್ರಾದ ಗುಡ್ಡ, ಖಾಡಿಯ ಹಿನ್ನೀರಿನ ಮೇಲಿನ ಬೆಳಕು ಕಂಡಂತಾಗಿ ಕಣ್ಣು ತುಂಬಿತು. ಅಪ್ಪನ ಕಡೆ ತಿರುಗಿದೆ.

ಅವರು ಗೊರಕೆ ಹೊಡೆಯುತ್ತಿದ್ದರು. ವರ್ಷಗಟ್ಟಲೆ ಲೋಕಲಿನಲ್ಲಿ ಜೋತಾಡಿದ ಜೀವ. ಕಿಟಕಿ ಪಕ್ಕ ಜಾಗ ಸಿಕ್ಕರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಅನ್ನುವುದು ಇದಕ್ಕೇ.

"ಪುಢೀಲ್ ಸ್ಟೇಷನ್ ಡೊಂಬಿವಲಿ" ಎಂದಳು ಪುಟ್ಟಿ. ಮುಂದಿನದು ಡೊಂಬಿವಲಿ ಅಂತ.

ಅಪ್ಪ ಧಡಕ್ಕನೆ ಎದ್ದರು. ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂಗೆ "ಉತರ್‌ನಾ ಹೈ ಕ್ಯಾ?" ಎಂದರು. ಮೇಡಂ ಕೂಡ ಇದೇ ಊರಿನವರಲ್ಲವೇ, ನಾನು ಇಳಿಯುವುದಿಲ್ಲ ಎಂದು ತಲೆಯಾಡಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಪ್ಪ ಗೇಟಿನವರೆಗೆ ಓಡಿ, ರಿಕ್ಷಾ ಕೂಗಿ, ಆಮೇಲೆ ಎಚ್ಚರಾಗಿ ವಾಪಸು ಬಂದರು.

ಅಷ್ಟರಲ್ಲಿ ಅವರ ಕುರ್ಚಿಯಲ್ಲಿ ಗೌಂಡಿಯ ಮಗಳು ಕೂತಾಗಿತ್ತು.

"ಎಲ್ಲಿ ಇಳಿಯುದು ಮಗಾ?" ಎಂದು ಅಪ್ಪ ಸೀಟಿನಾಸೆಗೆ ಕೇಳಿದರು.

"ಕಲ್ಯಾಣ್ ರೀ."

ಬೇರೆ ದಾರಿಯಿಲ್ಲದೆ ಅಪ್ಪ ಕಿಟಕಿಯ ಸರಳು ಹಿಡಿದು ನಿಂತರು. ನಿಂತದ್ದರಿಂದ ನಿದ್ದೆ ಬರಲಿಲ್ಲ. ಠಾಕುರ್ಲಿ, ಕಲ್ಯಾಣ, ಅಲ್ಲಿಂದ ಗಾಡಿ ತಿರುಗಿ ಮತ್ತೆ ಉಲ್ಟಾ ಠಾಣೆಯವರೆಗೆ ಮಗಳು ಹೇಳಿದ್ದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಮಗಳ ಕೈ ಹಿಡಿದು ಹೊರಟೇಬಿಟ್ಟರು, ಸೋಮವಾರ ಕಳಿಸುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಭಾನುವಾರವೆಲ್ಲ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಸೋಮವಾರ ನಾನು ಬೀಗ ತೆಗೆಯಲು ಬಂದರೆ, ಅಪ್ಪ ಮಗಳು ಆಗಲೇ ಬಾಗಿಲಲ್ಲಿ ನಿಂತಿದ್ದರು. ಇಷ್ಟು ಬೇಗ ಯಾಕೆ ಎಂದು ಕೇಳಿದೆ.

"ಮತ್ತೆಂತ ಮಾಡುದು ಟೀಚರ್" ಎಂದರು ಅಪ್ಪ. "ತಡ ಆದ್ರೆ ಇವಳಿಗೆ ವಿಂಡೋ ಸೀಟು ಸಿಗುದಿಲ್ಲ."