ನಡುಗಡ್ಡೆ ಮಠದ ಮೂವತ್ತಾರನೆಯ ಫೋಟೊ

ರಾಮಲಿಂಗಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೊ. ಆದರೆ ಕ್ಯಾಮೆರಾ ಪಕ್ಕದ ಮನೆಯ ಅವಧೂತ ಎಂಬವನದು. ತೊಂದರೆ ಶುರುವಾದದ್ದೇ ಅಲ್ಲಿ.

ಮರಾಠಿ ಸೀಮೆಯ ಭೋರ್ ಊರಿನಾಚೆ ಹಿನ್ನೀರಿನ ನಡುಗಡ್ಡೆಯ ಮೇಲೆ ಹಳೆಯ ಕಲ್ಲಿನ ಮಠವೊಂದಿತ್ತು. ಅದರ ಹೊಸ್ತಿಲಿನಲ್ಲಿ, ಆ ಹೊಸ್ತಿಲು ಮಾಡಿಸಿಕೊಟ್ಟ ಅವನ ಅಜ್ಜನ, ಅಂದರೆ ತಾಯಿಯ ತಂದೆಯ, ಹೆಸರು ಕನ್ನಡದಲ್ಲಿ ಕೆತ್ತಿತ್ತು. ವರ್ಷವಿಡೀ ನೀರೊಳಗಿರುವ ಹೊಸ್ತಿಲು ಮೇ ಕೊನೆಗೆ ಮಾತ್ರ ತಲೆ ಎತ್ತುತ್ತಿತ್ತು.

"ಕಣ್ಣಾಗ ಪೊರಿ ಪೂರ್ತಿ ಬರೂದ್ರಾಗ ಅಪ್ಪನ ಹೆಸರು ಒಮ್ಮೆ ನೋಡಬೇಕಪಾ," ಎಂದಿದ್ದಳು ತಾಯಿ ಚನ್ನಬಸವ್ವ. ದೋಣಿ ಹತ್ತಲು ಅವಳ ಮೊಣಕಾಲು ಒಪ್ಪುತ್ತಿರಲಿಲ್ಲ.

ರಾಮಲಿಂಗಪ್ಪ ಖಡಕಿಯ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ರಾಸಾಯನಿಕ ತೂಗುವವನು. ಉಪ್ಪಿಟ್ಟಿಗೆ ಉಪ್ಪು ಹಾಕುವಾಗಲೂ ಉಸಿರು ಬಿಗಿಹಿಡಿಯುವಷ್ಟು ಕಟ್ಟುನಿಟ್ಟು. ಶನಿವಾರವೇ ಲೆನ್ಸನ್ನು ಮೆತ್ತನೆಯ ಕಾಗದದಿಂದ ಒರೆಸಿಟ್ಟ. ಮುಚ್ಚಳವಿಲ್ಲದ ಅಗ್ಗದ ಕ್ಯಾಮೆರಾ. ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಕಣ್ಣು ಬೇರೆ.

ಐತವಾರ ಬೆಳಿಗ್ಗೆ ಅವ್ವ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಕೈಗಿತ್ತಳು. "ದೇವರ ಮುಂದ ಇಟ್ಟಿದ್ನಿ. ನೀರಿನ ಪ್ರಯಾಣ, ಸಾವಕಾಶ ಹೋಗ್ರಿ."

ಬಾಗಿಲಲ್ಲಿ ಅವಧೂತ, ಅವನ ಹೆಂಡತಿ ರಂಜನಾ, ಅವಳ ಮೂರು ಸೀರೆಗಳ ಗಂಟು.

"ರೋಲಿನಾಗ ಮೂವತ್ತಾರು ಅದಾವ್ರಿ. ನಿಮಗೊಂದು ಸಾಕಲ್ಲ?" ಎಂದ ಅವಧೂತ.

ದೋಣಿಯಲ್ಲೇ ಹನ್ನೆರಡು ಮುಗಿದವು. ಮಠದ ಗೋಡೆಯ ಹಿಂದೆ ಸೀರೆ ಬದಲಾದಂತೆಲ್ಲ ಒಂದೊಂದು ಹಿಡಿ ಫೋಟೊ ಹೋಯಿತು. ಅವಧೂತ ಕಲ್ಲುಗದ್ದುಗೆಯ ಮೇಲೆ ಕುಳಿತು ಕೈ ಎತ್ತಿ ಮೇಕೆಯೊಂದಕ್ಕೆ ಆಶೀರ್ವಾದ ಮಾಡಿದ. ಅದಕ್ಕೂ ಎರಡು.

"ಒಂದು ಉಳದದಲ್ರಿ! ನಾ, ಈಕಿ, ಮೇಕಿ..." ಎಂದ ಅವಧೂತ.

"ಇದು ಅವ್ವಂದು!" ರಾಮಲಿಂಗಪ್ಪ ಕ್ಯಾಮೆರಾವನ್ನು ಎದೆಗವಚಿಕೊಂಡು ಓಡಿದ. ಕರವಸ್ತ್ರದಿಂದ ಅಕ್ಷರಗಳ ಕೆಸರು ಒರೆಸಿದ. ಹೊಸ್ತಿಲೆದುರು ರಾಡಿಯಲ್ಲಿ ಹಲ್ಲಿಯಂತೆ ಬೋರಲು ಮಲಗಿ, ಓರೆ ಬಿಸಿಲಿಗಾಗಿ ಇಪ್ಪತ್ತು ನಿಮಿಷ ಕಾದು, ಗುಂಡಿ ಒತ್ತಿದ.

"ಸಾಹೇಬ, ತಬ್ಯೇತ್ ಬರೀ ಆಹೇ ನಾ?" ಎಂದು ದೋಣಿಯವನು ದೂರದಿಂದಲೇ ಮರಾಠಿಯಲ್ಲಿ ಆರೋಗ್ಯ ವಿಚಾರಿಸಿದ.

ಬುಧವಾರ ಫೋಟೊಗಳು ಬಂದವು. ಮೂವತ್ತಾರೂ ಹಾಲಿನಲ್ಲಿ ಅದ್ದಿ ತೆಗೆದಂತಿದ್ದವು. ಮಠದ ಸುತ್ತ ಬಿಳಿ ಬೆಳಕು, ಮೇಕೆಯ ಸುತ್ತಲೂ ಬೆಳಕು. ಅಜ್ಜನ ಹೆಸರು ಇರಬೇಕಾದಲ್ಲಿ ಬರೀ ಮಬ್ಬು.

ರಾಮಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಧೂತ ಕೈಮುಗಿದಿದ್ದ. "ಪ್ರಭಾ ರೀ! ಮಠದ ಅಜ್ಜಾರ ಪ್ರಭಾ!"

ಸಂಜೆಯೊಳಗೆ ರಂಜನಾ ಸುದ್ದಿಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಓಣಿಗೆಲ್ಲ ಹಂಚಿದ್ದಳು. ಮುಂದಿನ ಐತವಾರ ಮಠಕ್ಕೆ ಹೋಗಲು ಎರಡು ಜೀಪು ಬಾಡಿಗೆಗೆ ಗೊತ್ತಾದವು. ಎಲ್ಲರಿಗೂ ಪ್ರಭೆಯ ಫೋಟೊ ಬೇಕು, ತೆಗೆಯಬೇಕಾದವನು ರಾಮಲಿಂಗಪ್ಪ.

ಅವನು ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದ. ಲೆನ್ಸಿನ ಮೇಲೆ ಒಣಗಿದ ಮೂರು ಬಿಳಿ ಗೆರೆ.

"ಅವ್ವಾ, ಇದಕ್ಕ ವಿಭೂತಿ ಹಚ್ಚಿದ್ಯಾ?"

"ಹಚ್ಚದ ಕಳಸ್ತಾರೇನೋ? ಅದರ ಹಣಿ ಅದ ಅಲ್ಲೇನು?"

ಬೆಳಕು ಹೇಗೆ ಚದುರುತ್ತದೆ ಎಂದು ವಿವರಿಸಲು ಅವನು ಗಂಟಲು ಸರಿಮಾಡಿಕೊಂಡ. ಅವ್ವ ಕೊನೆಯ ಫೋಟೊವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬಿಳಿಯ ಮೇಲೆ ಬೆರಳಾಡಿಸುತ್ತಿದ್ದಳು.

"ನನಗ ಈಗ ಎಲ್ಲಾ ಹಿಂಗ ಕಾಣಸ್ತದಪಾ. ನಿನ್ನ ಕಣ್ಣು ಚಲೋ ಅದಾವ. ಓದು."

ರಾಮಲಿಂಗಪ್ಪ ಮಬ್ಬನ್ನೇ ದಿಟ್ಟಿಸಿ, ನೆನಪಿನಿಂದ ಅಕ್ಷರಕ್ಕೆ ಅಕ್ಷರ ಓದಿದ.

ಅವ್ವ ಫೋಟೊ ಕಣ್ಣಿಗೊತ್ತಿಕೊಂಡಳು. ಆಮೇಲೆ ದೇವರ ಜಗುಲಿಯತ್ತ ಕೈ ಚಾಚಿ ವಿಭೂತಿ ಗಟ್ಟಿ ಎತ್ತಿಕೊಂಡಳು.

"ಅಕ್ಷರ ಇನ್ನೂ ಚೂರು ಸ್ಪಷ್ಟ ಬರಬೇಕಿತ್ತು. ನಂದ ತಪ್ಪು, ತೆಳ್ಳಗ ಹಚ್ಚೀನಿ. ತಾ ಇಲ್ಲಿ, ಐತವಾರಕ್ಕ ದಪ್ಪಗ ಹಚ್ಚತೀನಿ."