ಜೀವಕೋಶಗಳ ಚೈತನ್ಯ ಮತ್ತು ಕಡತಪಾಲಕರ ಸಂಜೆ ನಡಿಗೆಯ ಬಗ್ಗೆ

ಹಳೆಯ ನಕ್ಷೆಗಳ ವಿಭಾಗ
ಮೂರನೇ ಮಹಡಿ (ಮೆಟ್ಟಿಲುಗಳ ಮೂಲಕ)

ಸಂಖ್ಯೆ: ಹನವಿ/ಜೀವಕೋಶ/೨

ಸುತ್ತೋಲೆ

ವಿಷಯ: ಸಿಬ್ಬಂದಿಯ ಜೀವಕೋಶಗಳಲ್ಲಿ ಚೈತನ್ಯ ತುಂಬುವ ಬಗ್ಗೆ ಈ ಹಿಂದೆ ಹೊರಡಿಸಿದ್ದ ಸುತ್ತೋಲೆಯನ್ನು ಹಿಂಪಡೆದು ಬದಲಿ ಸೂಚನೆಗಳನ್ನು ನೀಡುವ ಕುರಿತು.

ಉಲ್ಲೇಖ:
(ಅ) ಇದೇ ಕಚೇರಿಯ ಸುತ್ತೋಲೆ ಸಂಖ್ಯೆ ಹನವಿ/ಜೀವಕೋಶ/೧.
(ಆ) ತಪಾಸಣಾಧಿಕಾರಿಗಳ ಟಿಪ್ಪಣಿ, ‘ಸಿಬ್ಬಂದಿಯ ಮುಖಗಳ ಬಣ್ಣದ ಬಗ್ಗೆ’.
(ಇ) ಆರೋಗ್ಯ ಕೇಂದ್ರದ ವೈದ್ಯರ ಚೀಟಿ (ಮೂವರು ಕೂಡಿ ಓದಿದ್ದು).
(ಈ) ಕಡತಪಾಲಕರ ಪತ್ನಿಯವರ ಮೌಖಿಕ ಮನವಿ, ಅವರ ಮನೆಯ ಬಾಗಿಲಲ್ಲಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿಭಾಗದ ಎಲ್ಲ ಸಿಬ್ಬಂದಿಗೆ ಈ ಕೆಳಕಂಡ ಸಂಗತಿಗಳನ್ನು ತಿಳಿಯಪಡಿಸಲಾಗಿದೆ.

೧. ಈ ವಿಭಾಗದಲ್ಲಿ ನಾಲ್ವರು ಕೆಲಸ ಮಾಡುತ್ತಿದ್ದಾರೆ: ಕಡತಪಾಲಕರು, ಬೆರಳಚ್ಚುಗಾರ್ತಿ, ರವಾನೆ ಗುಮಾಸ್ತರು ಮತ್ತು ಕೆಳಗೆ ಸಹಿ ಮಾಡಿರುವ ಅಧೀಕ್ಷಕರು. ನಾಲ್ವರ ಒಟ್ಟು ವಯಸ್ಸು ಇನ್ನೂರ ಹದಿನಾಲ್ಕು. ಕಚೇರಿಗೆ ಬರಲು ಅರವತ್ತನಾಲ್ಕು ಮೆಟ್ಟಿಲು ಹತ್ತಬೇಕು. ಲಿಫ್ಟ್ ಇದೆಯಾದರೂ ಅದರ ಬಾಗಿಲ ಮೇಲೆ ‘ಕಡತಗಳಿಗೆ ಮಾತ್ರ’ ಎಂದು ಬರೆದಿದೆ. ಮಧ್ಯಾಹ್ನ ಮೂರರ ನಂತರ ವಿಭಾಗದಲ್ಲಿ ಒಂದು ಬಗೆಯ ಮಂಕು ಕವಿಯುತ್ತಿರುವುದನ್ನು ಗಮನಿಸಿ ವಿವರಣೆ ಕೇಳಲಾಗಿತ್ತು. ಬೆರಳಚ್ಚುಗಾರ್ತಿಯವರ ಉತ್ತರ ಹೀಗಿದೆ: “ಮೂರು ಗಂಟೆ ಆದ್ಮೇಲೆ ನಾನು ಟೈಪ್ ಮಾಡೋದಲ್ಲ ಸಾರ್, ಬೆರಳು ತಾನಾಗೇ ಬೀಳ್ತಿರುತ್ತೆ. ಅಕ್ಷರ ಬಂದ್ರೆ ನಮ್ಮ ಪುಣ್ಯ.”

೨. ಇದೇ ಸಮಯದಲ್ಲಿ ರವಾನೆ ಗುಮಾಸ್ತರು ಒಂದು ಭಾನುವಾರ ‘ವಯಸ್ಸನ್ನು ಸೋಲಿಸುವುದು ಹೇಗೆ’ ಎಂಬ ಉಚಿತ ಉಪನ್ಯಾಸಕ್ಕೆ ಹೋಗಿ, ಬರುವಾಗ ಮಾತ್ರೆಗಳ ಒಂದು ಡಬ್ಬಿಯನ್ನು ತಂದರು. ಸೋಮವಾರ ಅದನ್ನು ಅಧೀಕ್ಷಕರ ಮೇಜಿನ ಮೇಲಿಟ್ಟು, “ಒಂದೊಂದು ಜೀವಕೋಶದಲ್ಲೂ ಒಂದೊಂದು ಒಲೆ ಇರುತ್ತೆ ಸಾರ್. ವಯಸ್ಸಾಗ್ತಾ ಉರಿ ಕಮ್ಮಿ ಆಗುತ್ತೆ. ನಮ್ಮದೆಲ್ಲ ಈಗ ಬರೀ ಹೊಗೆ,” ಎಂದು ವಿವರಿಸಿದರು.

“ಉರಿ ಜಾಸ್ತಿ ಆಗ್ಬಿಟ್ರೆ?” ಎಂದು ಅಧೀಕ್ಷಕರು ಕೇಳಿದರು.

“ಆಗಲ್ಲ ಸಾರ್. ಡಬ್ಬಿ ಮೇಲೆ ಎಲೆ ಚಿತ್ರ ಇದೆ ನೋಡಿ.”

ಎಲೆಯ ಚಿತ್ರವನ್ನು ಪರಿಶೀಲಿಸಲಾಯಿತು. ಅದು ಹಸಿರಾಗಿಯೇ ಇತ್ತು.

೩. ಅದರಂತೆ ಉಲ್ಲೇಖ (ಅ)ರ ಸುತ್ತೋಲೆಯನ್ನು ಹೊರಡಿಸಲಾಯಿತು. ಅದರ ಮುಖ್ಯಾಂಶಗಳನ್ನು ಮುಂದಿನ ಪೀಳಿಗೆಯ ಎಚ್ಚರಿಕೆಗಾಗಿ ಇಲ್ಲಿ ನಮೂದಿಸಲಾಗಿದೆ:

(ಕ) ಪ್ರತಿದಿನ ಬೆಳಿಗ್ಗೆ ಹತ್ತೂವರೆಗೆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಎದ್ದು ನಿಂತು ತಲಾ ಒಂದು ಮಾತ್ರೆ ನುಂಗಿ, ‘ನುಂಗಿದ ವಹಿ’ಯಲ್ಲಿ ಸಹಿ ಮಾಡತಕ್ಕದ್ದು.

(ಖ) ಚಹಾದ ಜೊತೆ ಬಿಸ್ಕತ್ತನ್ನು ನಿಲ್ಲಿಸಲಾಗಿದೆ. ಬದಲಿಗೆ ತಲಾ ನಲವತ್ತು ಮೊಳಕೆ ಕಾಳು. ನಲವತ್ತೊಂದನೆಯ ಕಾಳಿಗೆ ಪೂರ್ವಾನುಮತಿ ಅಗತ್ಯ.

(ಗ) ಆಕಳಿಕೆ ಬಂದಲ್ಲಿ ಅದನ್ನು ಊಟದ ವಿರಾಮದವರೆಗೆ ಮುಂದೂಡುವುದು.

(ಘ) ಕಚೇರಿ ವೇಳೆಯಲ್ಲಿ ಯಾರೂ ವಯಸ್ಸಾಗತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಅರ್ಧ ದಿನದ ಸಾಂದರ್ಭಿಕ ರಜೆ ಹಾಕಿ ಆಗಬಹುದು.

(ಙ) ಮೂವತ್ತು ದಿನಗಳೊಳಗೆ ಚೈತನ್ಯ ಹೊಂದದ ಜೀವಕೋಶಗಳ ಪರವಾಗಿ ಅವುಗಳ ಮಾಲೀಕರು ಲಿಖಿತ ಸಮಜಾಯಿಷಿ ಕೊಡತಕ್ಕದ್ದು.

(ಚ) ರಜೆಯಲ್ಲಿದ್ದವರು ಮರಳಿ ಬಂದ ದಿನ ಬಾಕಿ ಉಳಿದ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿ ಲೆಕ್ಕ ಸರಿಪಡಿಸತಕ್ಕದ್ದು.

ಕೊನೆಯ ಅಂಶವನ್ನು ಬರೆದಾಗ ಅದು ಬಹಳ ಶಿಸ್ತಿನದೆಂದು ಭಾವಿಸಲಾಗಿತ್ತು.

೪. ಕಡತಪಾಲಕರ ಬಗ್ಗೆ ಇಲ್ಲಿ ಎರಡು ಮಾತು ಅಗತ್ಯವಾಗಿದೆ. ವಯಸ್ಸು ಐವತ್ತೊಂಬತ್ತು, ಸೇವೆ ಮೂವತ್ತನಾಲ್ಕು ವರ್ಷ. ಯಾವ ನಕ್ಷೆ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಈ ಕಚೇರಿಯ ಸುತ್ತೋಲೆಗಳನ್ನು ಕೊನೆಯ ಸಾಲಿನವರೆಗೆ ಓದುವ ಮತ್ತು ಓದಿದ್ದನ್ನು ಪಾಲಿಸುವ ವ್ಯಕ್ತಿ ಅವರೊಬ್ಬರೇ. ಉಳಿದವರು ಎರಡನೆಯ ದಿನದಿಂದಲೇ ಮೊಳಕೆ ಕಾಳನ್ನು ಕಿಟಕಿಯ ಪಾರಿವಾಳಗಳಿಗೆ ಹಾಕಲು ಶುರು ಮಾಡಿದ್ದರು. (ಪಾರಿವಾಳಗಳ ಚೈತನ್ಯದಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿದೆ.) ಕಡತಪಾಲಕರು ಮಾತ್ರ ನಲವತ್ತನ್ನೂ ಎಣಿಸಿ ತಿಂದರು.

೫. ಮೊದಲ ಡಬ್ಬಿ ಮುಗಿಯುವವರೆಗೆ ವಿಶೇಷವೇನೂ ನಡೆಯಲಿಲ್ಲ. ರವಾನೆ ಗುಮಾಸ್ತರು ಮಾತ್ರ ತಮ್ಮ ಮೊಣಕಾಲು ಹಗುರಾಗಿದೆ ಎಂದು ದಿನಾ ಹೇಳುತ್ತಿದ್ದರು. ಯಾವ ಮೊಣಕಾಲು ಎಂದು ಕೇಳಿದಾಗ ಯೋಚಿಸಿ ಹೇಳುತ್ತಿದ್ದರು. ಎರಡನೆಯ ಡಬ್ಬಿ ತರುವಾಗ ಅವರು ಅಂಗಡಿಯವನ ಮಾತು ಕೇಳಿ ‘ಅತಿ ಪ್ರಬಲ’ ಎಂಬುದನ್ನು ತಂದರು. ಇದರ ಎಲೆ ಇನ್ನೂ ದೊಡ್ಡದಾಗಿತ್ತು.

೬. ಹೊಸ ಡಬ್ಬಿ ತೆರೆದದ್ದು ಒಂದು ಮಂಗಳವಾರ. ಅಂದು ಹತ್ತೂವರೆಗೆ ಗಂಟೆ ಬಾರಿಸಿ, ಎಲ್ಲರೂ ನುಂಗಿ, ಸಹಿ ಮಾಡಲಾಯಿತು. ಹತ್ತು ಐವತ್ತಕ್ಕೆ ಮುನ್ಸೂಚನೆಯಿಲ್ಲದೆ ತಪಾಸಣಾಧಿಕಾರಿಗಳು ಬಂದರು. ಅವರು ಬಾಗಿಲಲ್ಲಿ ಕಾಲಿಟ್ಟ ಹೊತ್ತಿಗೇ ಬೆರಳಚ್ಚುಗಾರ್ತಿಯವರ ಕೆನ್ನೆ ಕೆಂಪಾಗತೊಡಗಿತು. ಆಮೇಲೆ ರವಾನೆ ಗುಮಾಸ್ತರ ಕಿವಿ, ಆಮೇಲೆ ಅಧೀಕ್ಷಕರ ಬೊಕ್ಕತಲೆ. ಐದು ನಿಮಿಷದಲ್ಲಿ ಇಡೀ ವಿಭಾಗ ಕೆಂಡದಂತಾಗಿ, ಕತ್ತು ಕೆರೆದುಕೊಳ್ಳುತ್ತ, ಬೆವರುತ್ತ, ಎದ್ದು ನಿಂತಿತ್ತು.

“ನಾನಿನ್ನೂ ಏನೂ ಕೇಳೇ ಇಲ್ವಲ್ರೀ,” ಎಂದರು ತಪಾಸಣಾಧಿಕಾರಿಗಳು.

ಅವರು ಬಹಳ ಹೊತ್ತು ಒಬ್ಬೊಬ್ಬರ ಮುಖವನ್ನೂ ನೋಡಿ ಮೆತ್ತಗಾದರು. ‘ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ತಮ್ಮ ಲೋಪಗಳ ಬಗ್ಗೆ ಇಷ್ಟೊಂದು ಪ್ರಾಮಾಣಿಕವಾಗಿ ನಾಚಿದ ಕಚೇರಿಯನ್ನು ನಾನು ಕಂಡಿಲ್ಲ. ಆದ್ದರಿಂದ ಲೋಪಗಳನ್ನು ಹುಡುಕುವ ಅಗತ್ಯ ಕಾಣುವುದಿಲ್ಲ’ ಎಂದು ಉಲ್ಲೇಖ (ಆ)ರಲ್ಲಿ ಬರೆದರು.

೭. ಹೋಗುವ ಮುನ್ನ ಅವರು ಹಳೆಯ ಕೆರೆಯೊಂದರ ನಕ್ಷೆ ಕೇಳಿದರು. ಅದು ಎರಡನೇ ಮಹಡಿಯ ಉಗ್ರಾಣದಲ್ಲಿತ್ತು. ತರಲು ಕಡತಪಾಲಕರು ಹೋದರು. ಅವರು ತಮ್ಮ ತಂಗಿ ಮನೆ ಬದಲಿಸುತ್ತಿದ್ದಳೆಂದು ಮೂರು ದಿನ ರಜೆಯಲ್ಲಿದ್ದು ಅಂದೇ ಕೆಲಸಕ್ಕೆ ಬಂದಿದ್ದರು. ಅಂಶ (ಚ)ರ ಪ್ರಕಾರ ಆ ಬೆಳಿಗ್ಗೆ ನಾಲ್ಕು ಮಾತ್ರೆ ನುಂಗಿ ನಾಲ್ಕು ಸಹಿ ಮಾಡಿದ್ದರು.

ಕಾಲು ಗಂಟೆಯಾದರೂ ಬರಲಿಲ್ಲ. ಬೆರಳಚ್ಚುಗಾರ್ತಿಯವರು ಇಳಿದು ನೋಡಿದಾಗ ಅವರು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕುಸಿದಿದ್ದರು. ಮುಖ ಕೆಂಪಾಗಿ, ಕೈ ತಣ್ಣಗಾಗಿತ್ತು. ಬೀಳುವ ಮುನ್ನ ನಕ್ಷೆಯನ್ನು ಮೇಲಿನ ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟಿದ್ದರು.

“ನಕ್ಷೆ ಸರಿ ಇದೆಯಾ ನೋಡಮ್ಮ,” ಎಂದರು.

“ನಕ್ಷೆಗೇನಾಗಿದೆ? ನೀವು ಸರಿ ಇದ್ದೀರಾ ಹೇಳಿ ಅಣ್ಣ,” ಎಂದು ಅವರು ಕಡತಪಾಲಕರ ಕೈ ಹಿಡಿದು ಅಲ್ಲೇ ಕೂತರು.

೮. ಅವರನ್ನು ಕೆಳಗಿಳಿಸಲು ಲಿಫ್ಟ್ ಕೇಳಲಾಯಿತು. ಲಿಫ್ಟ್ ನಡೆಸುವವರು ಬಾಗಿಲ ಮೇಲಿನ ಬರಹವನ್ನು ತೋರಿಸಿದರು. ಆಗ ಬೆರಳಚ್ಚುಗಾರ್ತಿಯವರು ಒಂದು ಚೀಟಿಯ ಮೇಲೆ ಕಡತ ಸಂಖ್ಯೆ ಬರೆದು ಕಡತಪಾಲಕರ ಅಂಗಿಗೆ ಪಿನ್ ಮಾಡಿ, “ಈಗ ಒಯ್ತೀರೋ ಇಲ್ವೋ?” ಎಂದು ಕೇಳಿದರು. ಒಯ್ಯಲಾಯಿತು. ಲಿಫ್ಟ್‌ನ ಪುಸ್ತಕದಲ್ಲಿ ‘ಕಡತ ಒಂದು, ದಪ್ಪ, ತುರ್ತು’ ಎಂದು ನಮೂದಾಗಿದೆ. ಈ ವಿಷಯದಲ್ಲಿ ಬೆರಳಚ್ಚುಗಾರ್ತಿಯವರ ಮೇಲೆ ಯಾವುದೇ ಕ್ರಮ ಜರುಗಿಸತಕ್ಕದ್ದಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೯. ಆರೋಗ್ಯ ಕೇಂದ್ರದ ವೈದ್ಯೆ ಅವರನ್ನು ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ರಕ್ತದೊತ್ತಡ ನೋಡಿದರು. ತೀರಾ ಇಳಿದಿತ್ತು. ಏನೇನು ತಗೊಂಡಿರಿ ಎಂದು ಕೇಳಿದಾಗ ಕಡತಪಾಲಕರು ಜೇಬಿನಿಂದ ಸುತ್ತೋಲೆಯ ಪ್ರತಿಯನ್ನು ತೆಗೆದುಕೊಟ್ಟರು. ವೈದ್ಯೆ ಅದನ್ನು ಎರಡು ಸಲ ಓದಿದರು.

“ಇದನ್ನ ಬರೆದ ಡಾಕ್ಟ್ರು ಯಾರು?”

“ಡಾಕ್ಟ್ರಲ್ಲ ಮೇಡಂ. ನಮ್ಮ ಸೂಪರಿಂಟೆಂಡೆಂಟು.”

ಆ ಸೂಪರಿಂಟೆಂಡೆಂಟರು ಪಕ್ಕದಲ್ಲೇ ನಿಂತಿದ್ದರು. ಅವರ ತಲೆ ಇನ್ನೂ ಕೆಂಪಾಗಿತ್ತು. ವೈದ್ಯೆ ಅವರ ಕಡೆಗೇ ತಿರುಗಿ ಹೇಳಿದ್ದನ್ನು ಆದಷ್ಟು ಯಥಾವತ್ತಾಗಿ ಕೊಡಲಾಗಿದೆ: “ಇದರಲ್ಲಿರೋದು ಒಂದು ವಿಟಮಿನ್ನು, ಆದ್ರೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಕ್ತನಾಳ ಅಗಲ ಆಗುತ್ತೆ, ಮೈ ಕೆಂಪಾಗುತ್ತೆ. ಇವರು ಬಿಪಿಗೆ ಬೇರೆ ಮಾತ್ರೆ ತಗೊಳ್ತಾ ಇದ್ದಾರೆ. ಅದರ ಮೇಲೆ ಇದನ್ನ ನಾಲ್ಕು ಹಾಕಿದ್ರೆ ಬೀಳದೆ ಇನ್ನೇನ್ರೀ ಮಾಡ್ತಾರೆ? ಜೀವಕೋಶದ ಒಲೆ ಚೆನ್ನಾಗಿ ಉರೀಬೇಕು ಅಂದ್ರೆ ದಿನಾ ನಡೀಬೇಕು, ಸರಿಯಾಗಿ ನಿದ್ದೆ ಮಾಡ್ಬೇಕು, ಕಾಳು ತರಕಾರಿ ಹಣ್ಣು ತಿನ್ಬೇಕು. ಏನಾದ್ರೂ ಕೊರತೆ ಇದ್ರೆ ರಕ್ತ ಪರೀಕ್ಷೆ ಹೇಳುತ್ತೆ. ಪಕ್ಕದ ಮೇಜಿನೋರು ಹೇಳೋದಲ್ಲ.”

ಪಕ್ಕದ ಮೇಜಿನವರಾದ ರವಾನೆ ಗುಮಾಸ್ತರು ಈ ಮಾತು ಕೇಳಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಸಂಜೆ ಕಡತಪಾಲಕರನ್ನು ಮನೆಗೆ ಕಳಿಸುವವರೆಗೂ ಅವರು ಅಲ್ಲಿಂದ ಏಳಲಿಲ್ಲ, ನೀರೂ ಕುಡಿಯಲಿಲ್ಲ ಎಂಬುದನ್ನು ದಾಖಲಿಸಲಾಗಿದೆ.

೧೦. ಮರುದಿನ ಕಡತಪಾಲಕರ ಮನೆಗೆ ಭೇಟಿ ನೀಡಲಾಯಿತು. ಅವರ ಪತ್ನಿ ಬಾಗಿಲು ತೆರೆದರು. ಹೊಲಿಗೆ ಕೆಲಸ ಮಾಡುವವರು, ಕೊರಳಲ್ಲಿ ಅಳತೆಯ ಟೇಪು ಇತ್ತು.

“ಆ ಸುತ್ತೋಲೆ ಬರೆದೋರು ನೀವೇನಾ?” ಎಂದು ಕೇಳಿದರು.

ಹೌದೆಂದು ಒಪ್ಪಿಕೊಳ್ಳಲಾಯಿತು. ಬೈಗುಳವನ್ನು ನಿರೀಕ್ಷಿಸಲಾಗಿತ್ತು. ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ನಾನು ಈ ಮನೆಗೆ ಬಂದು ಮೂವತ್ತೊಂದು ವರ್ಷ ಆಯ್ತು. ಬಿಪಿ ಅಂತ ಗೊತ್ತಾದಾಗಿಂದ ಸಂಜೆ ನನ್ನ ಜೊತೆ ಸ್ವಲ್ಪ ನಡೀರಿ ಅಂತ ಬಾಯಿ ಬಡ್ಕೊಳ್ತಿದೀನಿ. ನಾಳೆ ನೋಡೋಣ ಅಂತಾರೆ. ನೀವು ನಾಲ್ಕು ಮಾತ್ರೆ ನುಂಗು ಅಂತ ಕಾಗದದ ಮೇಲೆ ಬರೆದ್ರಿ, ಮರುಮಾತಿಲ್ದೆ ನುಂಗಿದ್ರು. ಹಂಗಿದ್ಮೇಲೆ ಇದನ್ನೂ ನೀವೇ ಬರೀರಿ. ಸಂಖ್ಯೆ ಹಾಕಿ, ಸೀಲು ಹೊಡೆದು ಕಳ್ಸಿ,” ಎಂದರು.

ಒಳಗಿನ ಮಂಚದಿಂದ ಕಡತಪಾಲಕರು, “ಸಾರ್‌ಗೆ ಮೊದಲು ಕುರ್ಚಿ ಹಾಕೇ,” ಎಂದರು.

೧೧. ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕಾಗಿದೆ. ಮೊದಲ ಸುತ್ತೋಲೆ ಹೊರಟ ದಿನ ಕಡತಪಾಲಕರು ಅಧೀಕ್ಷಕರ ಕೋಣೆಗೆ ಬಂದು, “ಸಾರ್, ನಾನು ಬೆಳಿಗ್ಗೆ ಬೇರೆ ಮಾತ್ರೆ ತಗೊಳ್ತೀನಿ, ಜೊತೆಗೆ ಇದನ್ನೂ ತಗೋಬಹುದಾ?” ಎಂದು ಕೇಳಿದ್ದರು. ‘ಸುತ್ತೋಲೆಯಲ್ಲಿ ಯಾರಿಗೂ ವಿನಾಯಿತಿ ಇರುವುದಿಲ್ಲ’ ಎಂದು ತಲೆಯೆತ್ತದೆ ಉತ್ತರಿಸಲಾಗಿತ್ತು. ಈ ಸಂಗತಿಯನ್ನು ಅವರು ವೈದ್ಯರಿಗೆ ಹೇಳಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ. ಹಾಗೆ ಉತ್ತರಿಸಲಾಗಿತ್ತು ಎಂದು ಬರೆಯುವುದು ಸರಿಯಲ್ಲ. ಹಾಗೆ ಉತ್ತರಿಸಿದ್ದು ನಾನು. ತಲೆ ಎತ್ತದೆ ಇದ್ದದ್ದೂ ನಾನೇ. ತಪ್ಪಾಯಿತು.

೧೨. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

(ಕ) ಸುತ್ತೋಲೆ ಸಂಖ್ಯೆ ೧ನ್ನು ಪೂರ್ತಿಯಾಗಿ ಹಿಂಪಡೆಯಲಾಗಿದೆ. ಆಕಳಿಕೆಗಳನ್ನು ಇನ್ನು ಮುಂದೆ ಬಂದ ಕೂಡಲೇ ವಿಲೇವಾರಿ ಮಾಡಬಹುದು. ವಯಸ್ಸಾಗುವುದಕ್ಕೆ ಪೂರ್ಣಾವಧಿ ಅನುಮತಿ ನೀಡಲಾಗಿದೆ.

(ಖ) ಯಾರಿಗೇ ಆಗಲಿ ಯಾವುದೇ ಹೊಸ ಮಾತ್ರೆ ಬೇಕೆನಿಸಿದಲ್ಲಿ, ತಾವು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ ಕೇಳತಕ್ಕದ್ದು. ನನ್ನ ಬಳಿಗೆ ಬರತಕ್ಕದ್ದಲ್ಲ.

(ಗ) ಮೊಳಕೆ ಕಾಳು ಮುಂದುವರಿಯುತ್ತದೆ, ಎಣಿಕೆ ಇರುವುದಿಲ್ಲ. ಪಾರಿವಾಳಗಳ ಪಾಲಿನ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

(ಘ) ಮಧ್ಯಾಹ್ನ ಮೂರಕ್ಕೆ ಎಲ್ಲರೂ ಹತ್ತು ನಿಮಿಷ ಕಟ್ಟಡದ ಸುತ್ತ ನಡೆದು ಬರುವುದು. ಮುಂದಾಳು: ರವಾನೆ ಗುಮಾಸ್ತರು. ಈ ಅವಧಿಯಲ್ಲಿ ಅವರು ತಮ್ಮ ಮೊಣಕಾಲಿನ ವಿಷಯ ಎತ್ತತಕ್ಕದ್ದಲ್ಲ.

(ಙ) ಕಡತಪಾಲಕರು ವೈದ್ಯರು ಒಪ್ಪಿದ ದಿನದಿಂದ ಪ್ರತಿ ಸಂಜೆ ಆರು ಗಂಟೆಗೆ ತಮ್ಮ ಪತ್ನಿಯವರೊಂದಿಗೆ ಕನಿಷ್ಠ ಅರ್ಧ ಗಂಟೆ ನಡೆಯತಕ್ಕದ್ದು. ವೇಗವನ್ನು ಪತ್ನಿಯವರು ನಿಗದಿಪಡಿಸುವರು. ‘ನಾಳೆ ನೋಡೋಣ’ ಎಂಬ ಉತ್ತರವನ್ನು ಅಮಾನ್ಯಗೊಳಿಸಲಾಗಿದೆ. ಮೇಲ್ಮನವಿಗೆ ಅವಕಾಶವಿಲ್ಲ.

ಸಹಿ/-
ಅಧೀಕ್ಷಕರು, ಹಳೆಯ ನಕ್ಷೆಗಳ ವಿಭಾಗ

ಪ್ರತಿಗಳು:
೧. ಕಡತಪಾಲಕರಿಗೆ, ಪಾಲನೆಗಾಗಿ.
೨. ತಪಾಸಣಾಧಿಕಾರಿಗಳಿಗೆ, ಅಂದಿನ ಬಣ್ಣ ನಾಚಿಕೆಯದಲ್ಲ ಎಂಬ ಮಾಹಿತಿಗಾಗಿ. ಈಗ ನಾಚಿಕೆಯೂ ಆಗಿದೆ.
೩. ಆರೋಗ್ಯ ಕೇಂದ್ರದ ವೈದ್ಯರಿಗೆ, ತಪ್ಪಿದ್ದಲ್ಲಿ ತಿದ್ದುವ ಕೋರಿಕೆಯೊಂದಿಗೆ.
೪. ಮಾತ್ರೆ ಅಂಗಡಿಯವರಿಗೆ, ಉಳಿದ ಡಬ್ಬಿಯ ಸಮೇತ.
೫. ಕಡತಪಾಲಕರ ಪತ್ನಿಯವರಿಗೆ, ಅನುಷ್ಠಾನಾಧಿಕಾರಿಯಾಗಿ. ಸ್ವೀಕೃತಿಯನ್ನು ಹಿಂದಿರುಗಿಸುವುದು.

(ಐದನೆಯ ಪ್ರತಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಬಂದ ಸ್ವೀಕೃತಿ:)

ಕಾಗದ ಬಂತು. ನಿನ್ನೆ ಸಂಜೆ ಹೊರಟ್ವಿ. ನಮ್ಮ ಬೀದಿ ಮೊದಲು ಎಲ್ಲಿ ತಿರುಗುತ್ತಿತ್ತು, ಔಷಧಿ ಅಂಗಡಿ ಇರೋ ಜಾಗದಲ್ಲಿ ಎಂಥಾ ಬಾವಿ ಇತ್ತು, ಎಲ್ಲಾ ನಿಂತು ನಿಂತು ತೋರಿಸಿದ್ರು. ಇಷ್ಟು ವರ್ಷ ಇಲ್ಲೇ ಇದ್ದೂ ನನಗೆ ಒಂದೂ ಗೊತ್ತಿರಲಿಲ್ಲ. ಅರ್ಧ ಗಂಟೆ ಅಂದಿದ್ರಿ, ಒಂದೂಕಾಲು ಗಂಟೆ ಆಯ್ತು. ಇವತ್ತು ಐದೂವರೆಗೇ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ನನಗಿನ್ನೂ ಎರಡು ರವಿಕೆ ಹೊಲಿಯೋದಿದೆ.