ಅಪಸ್ವರಕ್ಕೆ ಕುಕ್ಕುವ ತೊಮಾಸಾ

ತೊಮಾಸಾ ಬ್ಯಾಂಡಿನ ಮೇಷ್ಟ್ರ ಕಾಲಿಗೇ ಕುಕ್ಕಿಬಿಟ್ಟಳು. ನಸಾರಿಯೊನ ಕಷ್ಟ ಶುರುವಾದದ್ದು ಅಲ್ಲಿಂದ.

ಅದುವರೆಗೆ ಅವಳು ಕುಕ್ಕುತ್ತಿದ್ದದ್ದು ಬರೀ ವಾದ್ಯಗಾರರಿಗೆ. ಕೆಂಚುಬಣ್ಣದ, ಕೊರಳ ಮೇಲೆ ಒಂದೂ ಪುಕ್ಕವಿಲ್ಲದ ಆ ಹೇಂಟೆಗೆ ಜೋಳಕ್ಕಿಂತ ಶ್ರುತಿಯ ಮೇಲೆ ಪ್ರಾಣ. ಯಾರಾದರೂ ಒಂದು ಸ್ವರ ತಪ್ಪಿದರೆ ಸಾಕು, ಸರಸರ ನಡೆದು ಬಂದು ತಪ್ಪಿದವನನ್ನೇ ಹುಡುಕಿ, ಕಾಲಿಗೆ ಒಂದೇ ಒಂದು ಕುಕ್ಕು ಕೊಟ್ಟು, ಏನೂ ಆಗದವಳಂತೆ ಹೋಗಿ ಕೂರುತ್ತಿದ್ದಳು. ಬ್ಯಾಂಡಿನವರು ಹೆಚ್ಚಾಗಿ ಬೆರಳು ಕಾಣುವ ಚಪ್ಪಲಿಯವರು. ಕ್ಲಾರಿನೆಟ್ಟಿನ ಪೊನ್ಸಿಯಾನೊನ ಪಾದವಂತೂ ಸಿಡುಬು ಬಂದು ಹೋದ ಮುಖದಂತಾಗಿತ್ತು.

"ನಿನ್ನ ಕೋಳೀನ ಕಟ್ಟಿಹಾಕೋ ಮಾರಾಯ!" ಎಂದು ಅವನು ಗೋಗರೆದಾಗಲೆಲ್ಲ ನಸಾರಿಯೊ ತನ್ನ ಟ್ಯೂಬಾವನ್ನು, ಮೈಗೆ ಹೆಬ್ಬಾವಿನಂತೆ ಸುತ್ತಿಕೊಳ್ಳುವ ಆ ದೊಡ್ಡ ಹಿತ್ತಾಳೆ ಕಹಳೆಯನ್ನು, ತಬ್ಬಿಕೊಂಡು ಹೇಳುತ್ತಿದ್ದ: "ನನಗೆ ಒಂದು ದಿನಾನಾದ್ರೂ ಕುಕ್ಕಿದಾಳಾ? ಸರಿಯಾಗಿ ಊದಿದ್ರೆ ಯಾಕೆ ಕುಕ್ತಾಳೆ?"

ಆವತ್ತು ಬೆಳಿಗ್ಗೆ ಕೊನೆಯ ಅಭ್ಯಾಸ. ಮಧ್ಯಾಹ್ನ ಚರ್ಚಿನ ಮುಂದಿನ ಚೌಕದಲ್ಲಿ ಕೆಳಗಿನೂರಿನ ಬ್ಯಾಂಡಿನ ಜತೆ ಸ್ಪರ್ಧೆ. ಗುಡ್ಡದ ಮೇಲಿನ ಸಾನ್ ಬರ್ನಾಬೆಯವರು ಹದಿನೇಳು ವರ್ಷದಿಂದ ಒಂದೇ ಸಮ ಸೋಲುತ್ತ ಬಂದಿದ್ದರು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೆಳಗಿನೂರಿನವರು, "ಏನ್ರಪ್ಪಾ, ಈ ಸಲ ವಾದ್ಯ ತರ್ತೀರೋ, ಚಪ್ಪಾಳೆ ತಟ್ಟೋಕೆ ಬರೀ ಕೈಲಿ ಬರ್ತೀರೋ?" ಎಂದು ಹಲ್ಲು ಕಿಸಿಯುತ್ತಿದ್ದರು. ಆ ಉರಿಯಲ್ಲಿದ್ದ ಮೇಷ್ಟ್ರು ಎಲೆಯುತೇರಿಯೊ, "ಹೀಗೆ ಊದ್ರೋ, ಹೀಗೆ!" ಎಂದು ತಾವೇ ಹಾಡಿ ತೋರಿಸಲು ಹೋದರು. ಮೇಲಿನ ಸ್ವರ ಜಾರಿತು. ತೊಮಾಸಾ ಎದ್ದು ಬಂದಳು.

ಮೇಷ್ಟ್ರು ಒಂಟಿಕಾಲಲ್ಲಿ ಮೂರು ಸುತ್ತು ಕುಣಿದರು. "ನಸಾರಿಯೊ! ಮಧ್ಯಾಹ್ನ ಈ ಶನಿ ಚೌಕದಲ್ಲಿ ಕಂಡ್ರೆ ಇದು ಮೋಲೆ ಸಾರಿನ ಮಡಕೆಗೆ, ನೀನು ಮನೆಗೆ! ತಿಳೀತಾ?"

ಬ್ಯಾಂಡಿನಿಂದ ಹೊರಬಿದ್ದವನಿಗೆ ಆ ಊರಲ್ಲಿ ಯಾರೂ ನೆಟ್ಟಗೆ ನಮಸ್ಕಾರವನ್ನೂ ಹೇಳುವುದಿಲ್ಲ. ನಸಾರಿಯೊ ಮನೆಗೆ ಓಡಿ ತೊಮಾಸಾಳನ್ನು ಬುಟ್ಟಿಯಡಿ ಕವುಚಿ, ಮೇಲೆ ಜೋಳ ಅರೆಯುವ ಕಲ್ಲು ಹೇರಿದ.

"ಆ ಕಲ್ಲು ನನಗೆ ಬೇಕಲ್ಲ, ರೊಟ್ಟಿ ಯಾವುದರಲ್ಲಿ ಮಾಡ್ಲಿ?" ಎಂದಳು ಹೆಂಡತಿ ಯುಫ್ರಾಸಿಯಾ.

"ಇವತ್ತೊಂದಿನ ಸಂಗೀತ ತಿನ್ನು!" ಎಂದು ಅವನು ಟ್ಯೂಬಾ ಹೆಗಲಿಗೇರಿಸಿ ಹೊರಟ.

ಅವನು ತಿರುವು ದಾಟುವುದಕ್ಕಿಲ್ಲ, ಪಕ್ಕದ ಮನೆಯ ಮುದುಕಿ ಚೋಲೆ ಬೇಲಿ ದಾಟಿ ಬಂದಳು. ಊರಿನ ಯಾವ ಅಳುವೂ ಅವಳ ಕಿವಿ ತಪ್ಪಿಸಿಕೊಂಡದ್ದಿಲ್ಲ. "ಅಯ್ಯೋ ಪಾಪ, ಬಾಯಿಲ್ಲದ ಜೀವ" ಎನ್ನುತ್ತ ಕಲ್ಲು ಉರುಳಿಸಿ ಬುಟ್ಟಿ ಎತ್ತಿದಳು.

ನಸಾರಿಯೊ ಚೌಕ ಮುಟ್ಟಿ ತಿರುಗಿ ನೋಡಿದರೆ ತೊಮಾಸಾ ಹಿಂದೆಯೇ ನಿಂತಿದ್ದಾಳೆ, ಮದುವೆಗೆ ಹೊರಟ ಬೀಗಿತ್ತಿಯ ಹಾಗೆ.

"ಕೊಡು ಮಾರಾಯ, ಆಟ ಮುಗಿಯೋ ತನಕ ನಾನು ನೋಡ್ಕೋತೀನಿ," ಪೊನ್ಸಿಯಾನೊ ಕೈ ಚಾಚಿದ. ಆ ನಗು ನೋಡಿದರೆ ಒಲೆಯ ಮೇಲೆ ನೀರು ಆಗಲೇ ಕುದಿಯುತ್ತಿರುವಂತಿತ್ತು. ಅಷ್ಟರಲ್ಲಿ ಮೇಷ್ಟ್ರ ದನಿ ಹತ್ತಿರಾಯಿತು. ದಿಕ್ಕು ತೋಚದೆ ನಸಾರಿಯೊ ತೊಮಾಸಾಳನ್ನು ಟ್ಯೂಬಾದ ಅಗಲ ಬಾಯೊಳಕ್ಕೆ ಇಳಿಬಿಟ್ಟ. ಹಿತ್ತಾಳೆ ಬೆಚ್ಚಗಿತ್ತು. ಅವಳು ಒಮ್ಮೆ ಗೊಣಗಿ, ಮೈಮುದುರಿ ಕೂತಳು.

ಕೆಳಗಿನೂರಿನವರು ಮೊದಲು ನುಡಿಸಿದರು. ಚೆನ್ನಾಗಿಯೇ ನುಡಿಸಿದರು, ಹಾಳಾದವರು. ಸುಮಾರು ಅರ್ಧ ಗಂಟೆ ನಸಾರಿಯೊ ಕೋಳಿ ಹೊತ್ತ ಟ್ಯೂಬಾವನ್ನು ಕೂಸಿನಂತೆ ತೂಗುತ್ತ ಬೆವರಿದ. ಅಂತೂ ಇವರ ಸರದಿ ಬಂತು. ಮೇಷ್ಟ್ರು ಕೋಲೆತ್ತಿದರು. ಮೊದಲ ಸ್ವರ ಟ್ಯೂಬಾದ್ದೇ. ನಸಾರಿಯೊ ದೇವರನ್ನು ನೆನೆದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಗೂಡಿಸಿ ಊದಿದ.

"ಭೋಂ" ಎಂದದ್ದೂ ನಿಜ, "ಕ್ಕೊಕ್ಕೊಕ್ಕೋ" ಎಂದದ್ದೂ ನಿಜ. ತೊಮಾಸಾ ಬಾಣದಂತೆ ಮೇಲೆದ್ದು, ಗಾಳಿಯಲ್ಲಿ ಪುಕ್ಕ ಚೆಲ್ಲಿ, ನೇರ ಮೇಷ್ಟ್ರ ಮುಂದೆ ಬಂದಿಳಿದಳು. ಕೆಳಗಿನೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರ ಮುಖ ಮೆಣಸಿನಕಾಯಿಯಾಯಿತು. ಆದರೆ ತೀರ್ಪುಗಾರರ ಎದುರು ನಿಲ್ಲಿಸುವುದು ಹೇಗೆ? ಕೋಲು ಬೀಸುತ್ತಲೇ ಇದ್ದರು.

ತೊಮಾಸಾ ಪುಕ್ಕ ಕೊಡವಿ, ಸಾಲಿನಿಂದ ಸಾಲಿಗೆ, ಒಬ್ಬೊಬ್ಬರ ಪಾದದ ಮುಂದೆಯೂ ನಿಂತು ಕಿವಿಗೊಡುತ್ತ ನಡೆದಳು. ಎಂಥ ಗುರುವೂ ಹುಟ್ಟಿಸದ ಭಯಭಕ್ತಿ ಆಗ ಹುಟ್ಟಿತು. ಟ್ರಂಪೆಟ್ಟಿನವರು ಕಣ್ಣು ಮುಚ್ಚಿ ಊದಿದರು. ಪೊನ್ಸಿಯಾನೊ ಹೆಬ್ಬೆರಳು ಮಡಚಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಒಂದೂ ಸ್ವರ ತಪ್ಪಲಿಲ್ಲ. ಚೌಕದಲ್ಲಿ ನಗು ನಿಂತಿತು. ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೊನೆಯ ಸ್ವರಕ್ಕೆ ತೊಮಾಸಾ ಯಾರನ್ನೂ ಕುಕ್ಕದೆ, ನಸಾರಿಯೊನ ಕಾಲ ಬಳಿ ಕೂತು ಕಣ್ಣು ಮುಚ್ಚಿದಳು.

ತೀರ್ಪುಗಾರರು ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾನ್ ಬರ್ನಾಬೆ ಗೆದ್ದಿತು! ಪಟಾಕಿ ಹಾರಿತು, ಟೋಪಿಗಳು ಹಾರಿದವು. "ಕೋಳಿ ಸಾಕಿದ ಧಣಿ!" ಎಂದು ಜನ ನಸಾರಿಯೊನನ್ನು ಹೆಗಲ ಮೇಲೆ ಎತ್ತಿದರು. ಎತ್ತಿದ್ದರಿಂದ ಅವನ ಕಾಲುಗಳು ಸರಿಯಾಗಿ ಮೇಷ್ಟ್ರ ಕಣ್ಣಿನ ಮುಂದೆ ಬಂದವು.

"ಇಳಿಸಿ. ಒಂದ್ ನಿಮಿಷ," ಎಂದರು ಮೇಷ್ಟ್ರು. "ಈ ಬೂಟು ಎಲ್ಲೀದಯ್ಯಾ?"

"ಗಣಿ ಕೆಲಸದವರದ್ದು ಮೇಷ್ಟ್ರೇ. ಬೆರಳಷ್ಟು ದಪ್ಪ ಚರ್ಮ, ಕಾಲಿಗೆ ಏನೂ ತಾಕಲ್ಲ."

ಬೂಟಿನ ಮೇಲೆ ಒಂದಂಗುಲ ಜಾಗವೂ ಉಳಿದಿರಲಿಲ್ಲ. ಜರಡಿಯಂತೆ ಗುಳಿ, ಗುಳಿಯ ಪಕ್ಕ ಗುಳಿ, ಎಲ್ಲವೂ ಒಂದೇ ಕೊಕ್ಕಿನವು.

"ಮತ್ತೆ ಇವತ್ಯಾಕೆ ಕುಕ್ಕಲಿಲ್ಲ?" ಎಂದ ಪೊನ್ಸಿಯಾನೊ.

ಮೇಷ್ಟ್ರು ಟ್ಯೂಬಾ ಈಸಿಕೊಂಡು ತಲೆಕೆಳಗು ಮಾಡಿ ಕುಲುಕಿದರು. ಒಂದು ಹಿಡಿ ಪುಕ್ಕ ಬಿತ್ತು. ಆಮೇಲೆ, ಕೊಳವೆಗೆ ಬೆಣೆಯಂತೆ ಸಿಕ್ಕಿಕೊಂಡಿದ್ದ ಒಂದು ಬಿಸಿ ಮೊಟ್ಟೆ ಅವರ ಅಂಗೈಗೆ ಜಾರಿತು. ಮೊದಲ "ಭೋಂ" ಕೇಳಿ ಬೆಚ್ಚಿದ ತೊಮಾಸಾ ಅದನ್ನು ಇಟ್ಟು ಹಾರಿದ ಮೇಲೆ ಟ್ಯೂಬಾ ದನಿಯನ್ನೇ ಹೊರಡಿಸಿರಲಿಲ್ಲ. ಉಬ್ಬಿದ ತನ್ನ ಕೆನ್ನೆಯನ್ನೇ ನಸಾರಿಯೊ ನಾದವೆಂದು ನಂಬಿದ್ದ.

"ಹದಿನೇಳು ವರ್ಷ," ಮೇಷ್ಟ್ರು ಮೊಟ್ಟೆಯನ್ನೇ ನೋಡುತ್ತ ಮೆಲ್ಲಗೆ ಅಂದರು, "ಹದಿನೇಳು ವರ್ಷ ನಾವು ಯಾಕೆ ಸೋತ್ವಿ ಅಂತ ಈಗ ಗೊತ್ತಾಯ್ತು."

ನಸಾರಿಯೊ ತಲೆ ತಗ್ಗಿಸಿದ. "ಹಾಗಾದ್ರೆ ನಾನು ಮನೆಗಾ ಮೇಷ್ಟ್ರೇ?"

"ಛೆ ಛೆ! ತೊಮಾಸಾ ಇಲ್ಲದೆ ಬ್ಯಾಂಡೇ ಇಲ್ಲ. ನೀನಿಲ್ಲದೆ ಅವಳು ಬರಲ್ಲ. ಟ್ಯೂಬಾ ತಗೊಂಡು ದಿನಾ ಬಾ." ಅವರು ಅವನ ಹೆಗಲು ತಟ್ಟಿದರು. "ಊದಬೇಡ, ಅಷ್ಟೇ."

"ಊದದೆ ಟ್ಯೂಬಾ ಯಾಕೆ ಮೇಷ್ಟ್ರೇ?"

"ಅವಳಿಗೆ ಕೂರೋಕೆ ಜಾಗ ಬೇಡ್ವೇನಯ್ಯಾ?"